ನೋವಿದ್ದೂ ಕೆಲಸ ನಿಲ್ಲಿಸದ ಹೆಂಗಸರಿಗೆ ಯಾವ ಪ್ರಶ್ನಾವಳಿ? ಕೋಲಾರ ಕಡೆಯವರಿಗೆ ಒಂದು ಹೋಲಿಕೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ನರ್ಸಿಂಗ್, ಫಿಸಿಯೋಥೆರಪಿ ಓದುವ ಮಕ್ಕಳು ಪ್ರಾಜೆಕ್ಟ್ ಸಮಯ ಬಂದಾಗ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. "ಮಂಡಿನೋವಿರೋ ಹೆಂಗಸರ ಕ್ವಾಲಿಟಿ ಆಫ್ ಲೈಫ್ ನೋಡ್ಬೇಕು ಮೇಡಂ, ಯಾವ ಸ್ಕೇಲ್ ಹಾಕೋದು?" ಅಂದರೆ ಬದುಕಿನ ಗುಣಮಟ್ಟ ಅಳೆಯಲು ಯಾವ ಪ್ರಶ್ನಾವಳಿ ಬಳಸೋದು ಅಂತ. ಕೇಳುವ ಹೊತ್ತಿಗಾಗಲೇ ಕೈಯಲ್ಲಿ ಎಸ್‌ಎಫ್-36 ಅನ್ನುವ ಪ್ರಶ್ನಾವಳಿಯ ಪ್ರಿಂಟ್ ಇರುತ್ತದೆ. ಅದೇ ಯಾಕೆ ಅಂದರೆ, ಹೋದ ವರ್ಷದ ಸೀನಿಯರ್ ಅದನ್ನೇ ಹಾಕಿದ್ದರು. ಸಣ್ಣ ಕ್ಲಿನಿಕ್ ನಡೆಸುವ ಡಾಕ್ಟರುಗಳು, ಹಳ್ಳಿಗಳಲ್ಲಿ ಸರ್ವೆ ಮಾಡುವ ಸಂಸ್ಥೆಯವರು ಕೂಡ ಹೆಚ್ಚುಕಡಿಮೆ ಹೀಗೇ ಆರಿಸಿಕೊಳ್ಳುತ್ತಾರೆ.

ಆರಿಸುವ ಮುಂಚೆ ಎರಡು ವಿಷಯ ಇತ್ಯರ್ಥ ಆಗಬೇಕು. ಬರುವ ಅಂಕಿಯಿಂದ ಏನು ಮಾಡುತ್ತೀರಿ? ಯಾರನ್ನು ಕೇಳುತ್ತಿದ್ದೀರಿ? ಮೊದಲನೆಯದನ್ನು ಗೈಡ್ ಕೇಳಿಯೇ ಕೇಳುತ್ತಾರೆ. ಎರಡನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ತಪ್ಪು ಆಗೋದು ಅಲ್ಲೇ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಅಂತ ವೈದ್ಯರು ಕರೆಯುತ್ತಾರೆ. ನಮ್ಮ ಕಡೆ ಎಷ್ಟೋ ಹೆಂಗಸರು ಅದನ್ನು ವರ್ಷಗಟ್ಟಲೆ ಹೊತ್ತುಕೊಂಡೇ ಓಡಾಡುತ್ತಾರೆ. ಕೆಲಸ ನಿಲ್ಲಿಸುವುದಿಲ್ಲ, ನಿಲ್ಲಿಸುವ ಹಾಗೂ ಇಲ್ಲ. ಬೆಳಗ್ಗೆ ಡೈರಿಗೆ ಹಾಲು ಹಾಕಲೇಬೇಕು. ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿತು ಅಂದರೆ ಸೊಂಟ ಬಿದ್ದುಹೋದರೂ ಸೊಪ್ಪು ಹಾಕಲೇಬೇಕು. ಟೊಮೆಟೊ ಕೊಯ್ಲಿಗೆ ಬಂದರೆ ಗಿಡದಲ್ಲಿ ಬಿಡೋಕಾಗಲ್ಲ. ಇಂಥವರ ಮುಂದೆ "ನೋವಿನಿಂದ ಎಷ್ಟು ದಿನ ಕೆಲಸ ಬಿಟ್ಟಿರಿ?" ಅಂತ ಕೇಳುವ ಪ್ರಶ್ನಾವಳಿ ಇಟ್ಟರೆ ಉತ್ತರ ಸೊನ್ನೆ ಬರುತ್ತದೆ. ಸೊನ್ನೆ ಅಂದರೆ ತೊಂದರೆ ಇಲ್ಲ ಅಂತ ಲೆಕ್ಕ. ಆದ್ದರಿಂದ ಯಾವ ಪ್ರಶ್ನಾವಳಿ ನೋಡಿದರೂ ಮೊದಲು ಒಂದು ಪರೀಕ್ಷೆ ಮಾಡಿ: ಇದು ನಿಂತ ಕೆಲಸವನ್ನು ಎಣಿಸುತ್ತಾ, ಅಥವಾ ಕೆಲಸ ಮಾಡಲು ಪಟ್ಟ ಪಾಡನ್ನೂ ಹಿಡಿಯುತ್ತಾ?

ತಲೆನೋವಿನಿಂದ ಶುರು ಮಾಡೋಣ, ವ್ಯತ್ಯಾಸ ಅಲ್ಲಿ ಚೆನ್ನಾಗಿ ಕಾಣುತ್ತದೆ

ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು-ಮೂರು ಪಟ್ಟು ಜಾಸ್ತಿ. ಅದಕ್ಕೆ ಎರಡು ಪ್ರಶ್ನಾವಳಿ ಚಾಲ್ತಿಯಲ್ಲಿವೆ. ಮೈಡಾಸ್ ಅನ್ನುವುದರಲ್ಲಿ ಅಂಕ ಹಾಕುವ 5 ಪ್ರಶ್ನೆ ಇವೆ. ಕಳೆದ ಮೂರು ತಿಂಗಳಲ್ಲಿ ಹೊರಗಿನ ಕೆಲಸ, ಮನೆಗೆಲಸ, ನೆಂಟರಿಷ್ಟರ ಕಾರ್ಯ ಎಷ್ಟು ದಿನ ತಪ್ಪಿತು, ಎಷ್ಟು ದಿನ ಕೆಲಸ ಅರ್ಧಕ್ಕರ್ಧ ಕುಗ್ಗಿತು ಅಂತ ದಿನ ಎಣಿಸುತ್ತದೆ. ಮನೆಗೆಲಸವನ್ನು ಪ್ರತ್ಯೇಕವಾಗಿ ಕೇಳುವುದು ಅದರ ದೊಡ್ಡ ಗುಣ. ಒಟ್ಟು 0ರಿಂದ 5 ಬಂದರೆ ತೊಂದರೆ ಇಲ್ಲ ಅಥವಾ ತೀರಾ ಕಡಿಮೆ, 21 ಮುಟ್ಟಿದರೆ ತೀವ್ರ.

ಈಗ ಗೌರಿಬಿದನೂರಿನ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ತಲೆ ಸಿಡಿಯುತ್ತಿದ್ದರೂ ಹಣೆಗೆ ಬಟ್ಟೆ ಬಿಗಿದು ಅನ್ನ ಸಾರು ಮಾಡಿ, ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಾಳೆ. ಮೈಡಾಸ್‌ನಲ್ಲಿ ಅವಳಿಗೆ 3 ಬರಬಹುದು. ಹಿಟ್-6 ಅನ್ನುವ ಇನ್ನೊಂದರಲ್ಲಿ 6 ಪ್ರಶ್ನೆ ಇವೆ. ಅದರಲ್ಲೊಂದು, ತಲೆನೋವು ಬಂದಾಗ ಮಲಗಿಕೊಳ್ಳಬೇಕು ಅಂತ ಎಷ್ಟು ಸಲ ಅನ್ನಿಸುತ್ತದೆ ಅಂತ ಕೇಳುತ್ತದೆ. ಮಲಗಿದಿರಾ ಅಂತ ಕೇಳುವುದಿಲ್ಲ, ಅನ್ನಿಸುತ್ತದಾ ಅಂತ ಕೇಳುತ್ತದೆ. ಸಾಕು, ಅವಳು ಸಿಕ್ಕಿಬಿಟ್ಟಳು. ಹಿಟ್-6 ಅಂಕ 36ರಿಂದ 78ರವರೆಗೆ ಹೋಗುತ್ತದೆ, 60 ಮುಟ್ಟಿದರೆ ಪರಿಣಾಮ ತೀವ್ರ. ಒಂದೇ ಹೆಂಗಸು ಒಂದರಲ್ಲಿ ಆರಾಮಾಗಿದ್ದಾಳೆ, ಇನ್ನೊಂದರಲ್ಲಿ ಕಷ್ಟದಲ್ಲಿದ್ದಾಳೆ. ನಾನಾದರೆ ಹಿಟ್-6 ತೆಗೆದುಕೊಳ್ಳುತ್ತೇನೆ. ರಜೆ, ಸಂಬಳ ಕಡಿತದ ಲೆಕ್ಕ ಬೇಕಾದ ಗಾರ್ಮೆಂಟ್ಸ್ ಕೆಲಸದವರಾದರೆ ಮಾತ್ರ ಜೊತೆಗೆ ಮೈಡಾಸ್.

ಸೊಂಟನೋವಿಗೆ ಬಳಸುವ ರೋಲಂಡ್-ಮಾರಿಸ್ ಪಟ್ಟಿಗೂ ಮೈಡಾಸ್‌ನ ದೋಷವೇ ಇದೆ. 24 ವಾಕ್ಯ, ಹೌದು ಅಥವಾ ಇಲ್ಲ. ಶುಲ್ಕ ಇಲ್ಲ, ಓದಿ ಹೇಳೋದೂ ಸುಲಭ. ಆದರೆ ಅದರಲ್ಲಿ "ಬೆನ್ನುನೋವಿನಿಂದ ಜಾಸ್ತಿ ಹೊತ್ತು ಮಲಗಿ ವಿಶ್ರಾಂತಿ ತೆಗೆದುಕೊಳ್ಳುತ್ತೇನೆ", "ನನ್ನ ಕೆಲಸವನ್ನು ಬೇರೆಯವರ ಕೈಲಿ ಮಾಡಿಸಲು ನೋಡುತ್ತೇನೆ" ಅನ್ನುವ ಧಾಟಿಯ ವಾಕ್ಯಗಳಿವೆ. ಮಾಡಿಕೊಡುವವರು ಮನೆಯಲ್ಲಿ ಇದ್ದರೆ ತಾನೇ ಹೌದು ಅನ್ನೋದು? ಸೊಸೆ ಇರುವ ಅತ್ತೆಗೆ ಅಂಕ ಜಾಸ್ತಿ, ಸೊಸೆಗೆ ಕಡಿಮೆ. ನೋವು ಇಬ್ಬರಿಗೂ ಒಂದೇ ಇರಬಹುದು.

ಸಾಮಾನ್ಯ ಪ್ರಶ್ನಾವಳಿಗಳು

ಯಾವ ಕಾಯಿಲೆಗಾದರೂ ಬಳಸಬಹುದಾದವು ಮುಖ್ಯವಾಗಿ ಮೂರು: ಎಸ್‌ಎಫ್-36, ಡಬ್ಲ್ಯುಎಚ್‌ಒ-ಕ್ವಾಲ್ ಬ್ರೆಫ್, ಇಕ್ಯೂ-5ಡಿ.

ಎಸ್‌ಎಫ್-36 ಅಮೆರಿಕದ್ದು. 36 ಪ್ರಶ್ನೆ, 8 ವಿಭಾಗ, ಕಳೆದ 4 ವಾರದ ಲೆಕ್ಕ. ಪ್ರತಿ ವಿಭಾಗಕ್ಕೂ 0ರಿಂದ 100, ಜಾಸ್ತಿ ಬಂದಷ್ಟೂ ಒಳ್ಳೆಯದು. ಪ್ರಪಂಚದಾದ್ಯಂತ ಬಳಕೆಯಲ್ಲಿದೆ, ಹೋಲಿಸಿ ನೋಡಲು ಬೇಕಾದಷ್ಟು ಅಧ್ಯಯನ ಸಿಗುತ್ತವೆ. ತೊಂದರೆ ಅದರ ಉದಾಹರಣೆಗಳಲ್ಲಿದೆ. ಮಧ್ಯಮ ಶ್ರಮದ ಕೆಲಸ ಅಂದರೆ ಮೂಲದಲ್ಲಿ ಟೇಬಲ್ ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್, ಗಾಲ್ಫ್. ಬಂಗಾರಪೇಟೆಯ ಅಜ್ಜಿಗೆ ಬೌಲಿಂಗ್ ಅಂದರೆ ಮೊಮ್ಮಗನ ಕ್ರಿಕೆಟ್ಟು. ಇಲ್ಲಿಯ ಕೆಲಸಗಳಿಗೆ ಹೊಂದಿಸಿದ, ಪರೀಕ್ಷೆ ಮಾಡಿದ ಅನುವಾದ ಸಿಕ್ಕರೆ ಮಾತ್ರ ಕೈ ಹಾಕಿ. ನೀವೇ ಕೂತು ಗಾಲ್ಫ್ ತೆಗೆದು ಕುಂಟೆಬಿಲ್ಲೆ ಸೇರಿಸಿದರೆ ಅದು ಎಸ್‌ಎಫ್-36 ಆಗಿ ಉಳಿಯುವುದಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕು. ಎಸ್‌ಎಫ್-36ರಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ: ಕೆಲಸ ಮಾಡಲು ಕಷ್ಟವಾಯಿತಾ, ಹೆಚ್ಚು ಶ್ರಮ ಹಾಕಬೇಕಾಯಿತಾ? ನಮಗೆ ಬೇಕಾದದ್ದೇ ಅದು. 36 ಜಾಸ್ತಿ ಆಯಿತು ಅಂತ ಅನೇಕರು ಅದರ ಚಿಕ್ಕ ತಮ್ಮ ಎಸ್‌ಎಫ್-12 ಹಿಡಿಯುತ್ತಾರೆ. ಚಿಕ್ಕದು ಮಾಡುವಾಗ ಕೈಬಿಟ್ಟದ್ದರಲ್ಲಿ ಈ ಪ್ರಶ್ನೆಯೂ ಸೇರಿದೆ. ಅದರಲ್ಲಿ ಉಳಿದಿರುವುದು ಅಂದುಕೊಂಡದ್ದಕ್ಕಿಂತ ಕಡಿಮೆ ಕೆಲಸ ಆಯಿತಾ, ಕೆಲವು ಬಗೆಯ ಕೆಲಸ ಮಾಡೋಕೆ ಆಗಲಿಲ್ವಾ ಅನ್ನುವವು. ಸಮಯ ಉಳಿಯುತ್ತದೆ, ಬೇಕಾದದ್ದು ಹೋಗುತ್ತದೆ.

ಡಬ್ಲ್ಯುಎಚ್‌ಒ-ಕ್ವಾಲ್ ಬ್ರೆಫ್ ನನಗೆ ಜಾಸ್ತಿ ಹಿಡಿಸಿದ್ದು. ಇದರ ಮೂಲವಾದ 100 ಪ್ರಶ್ನೆಗಳ ಆವೃತ್ತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 15 ಕೇಂದ್ರಗಳಲ್ಲಿ ಒಟ್ಟಿಗೆ ರೂಪಿಸಿತು. ಅದರಲ್ಲಿ ದಿಲ್ಲಿ, ಚೆನ್ನೈ ಎರಡೂ ಇದ್ದವು. ಹಾಗಾಗಿ ಗಾಲ್ಫ್ ಕಾಟ ಇಲ್ಲ. ಬ್ರೆಫ್‌ನಲ್ಲಿ 26 ಪ್ರಶ್ನೆ, ಕಳೆದ ಎರಡು ವಾರದ ಲೆಕ್ಕ, ನಾಲ್ಕು ವಿಭಾಗ: ದೇಹ, ಮನಸ್ಸು, ಸಂಬಂಧಗಳು, ಪರಿಸರ. ಪರಿಸರ ವಿಭಾಗದಲ್ಲಿ ಹಣ, ಮನೆ, ಓಡಾಟದ ಅನುಕೂಲ, ಆಸ್ಪತ್ರೆ ಸಿಗುತ್ತದಾ, ಸುತ್ತಮುತ್ತಲಿನ ಸ್ಥಿತಿ ಹೇಗಿದೆ ಅನ್ನುವುದೆಲ್ಲ ಬರುತ್ತದೆ. ಬಾಗೇಪಲ್ಲಿ ಕಡೆಯ ಒಳಹಳ್ಳಿಯಿಂದ ಬಸ್ಸು ಹಿಡಿದು ಆಸ್ಪತ್ರೆಗೆ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ. ಆ ಹೆಂಗಸಿನ ಬದುಕಿನ ಗುಣಮಟ್ಟದಲ್ಲಿ ಬಸ್ಸಿಗೂ ಪಾಲಿದೆ ಅಲ್ವಾ? ಎಸ್‌ಎಫ್-36 ಇದನ್ನು ಕೇಳುವುದೇ ಇಲ್ಲ. ಇದರ ಕನ್ನಡ ಆವೃತ್ತಿ ಬಳಸಿದ ಅಧ್ಯಯನಗಳು ಕರ್ನಾಟಕದಲ್ಲೇ ಸಾಕಷ್ಟಿವೆ, ಅದೂ ಒಂದು ಅನುಕೂಲ.

ಎಚ್ಚರ ಬೇಕಾದ್ದು ಎರಡು ಕಡೆ. 3, 4 ಮತ್ತು 26ನೇ ಪ್ರಶ್ನೆಗಳ ಅಂಕವನ್ನು ತಿರುಗಿಸಿ ಹಾಕಬೇಕು (1 ಬಂದರೆ 5, 5 ಬಂದರೆ 1). ನೋವಿನ ಪ್ರಶ್ನೆಯೇ 3ನೆಯದು. ಮರೆತರೆ ನೋವು ಜಾಸ್ತಿ ಇದ್ದವರೇ ಸುಖವಾಗಿ ಕಾಣುತ್ತಾರೆ. ಇನ್ನೊಂದು, 21ನೇ ಪ್ರಶ್ನೆ ದಾಂಪತ್ಯ ಸುಖದ ಬಗ್ಗೆ. ಹುಡುಗ ವಿದ್ಯಾರ್ಥಿ ಹೋಗಿ ಜಗಲಿಯ ಮೇಲೆ ಕೂತು ಕೇಳಿದರೆ ಆ ಪ್ರಶ್ನೆ ಖಾಲಿ ಉಳಿಯುತ್ತದೆ, ಇಲ್ಲಾ ಅವರು ನಕ್ಕು ಒಳಗೆ ಹೋಗುತ್ತಾರೆ. ಸಂಬಂಧಗಳ ವಿಭಾಗದಲ್ಲಿ ಇರುವುದೇ 3 ಪ್ರಶ್ನೆ. ಒಂದು ಬಿದ್ದರೆ ವಿಭಾಗವೇ ಸೊರಗುತ್ತದೆ. ಸೊಂಟನೋವಿನ ಆಸ್ವೆಸ್ಟ್ರಿ ಪ್ರಶ್ನಾವಳಿಯಲ್ಲೂ ಇಂಥದ್ದೇ ಒಂದು ಇದೆ, ಅಲ್ಲಿ ಬಿಟ್ಟು ಲೆಕ್ಕ ಹಾಕಲು ಅವಕಾಶ ಇದೆ. ಹೆಣ್ಣುಮಗಳೇ ಕೇಳಲಿ, ಒಬ್ಬರೇ ಇದ್ದಾಗ ಕೇಳಲಿ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಈ ಒಂದೇ ಪ್ರಶ್ನೆಯೇನು, 26ಕ್ಕೂ "ಚೆನ್ನಾಗಿದೆ" ಅಂತಲೇ ಬರುತ್ತದೆ.

ಇಕ್ಯೂ-5ಡಿ ತೀರಾ ಚಿಕ್ಕದು. ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ-ಖಿನ್ನತೆ, ಐದೇ ಪ್ರಶ್ನೆ. ಜೊತೆಗೆ ಒಂದು ಥರ್ಮಾಮೀಟರ್ ತರದ ಗೀಟು, 0ರಿಂದ 100. ಐದು ಹಂತದ ಆವೃತ್ತಿಯಲ್ಲಿ 3125 ಬಗೆಯ ಸ್ಥಿತಿ ಬರುತ್ತವೆ. ಯಾವ ಸ್ಥಿತಿಗೆ ಎಷ್ಟು ಬೆಲೆ ಅಂತ ಭಾರತದ ಜನರನ್ನೇ ಕೇಳಿ ಮಾಡಿದ ಮೌಲ್ಯಪಟ್ಟಿ 2022ರಲ್ಲಿ ಪ್ರಕಟವಾಗಿದೆ. ಹಾಗಾಗಿ ಚಿಕಿತ್ಸೆಯ ಖರ್ಚಿಗೆ ತಕ್ಕ ಪ್ರಯೋಜನ ಇದೆಯಾ ಅಂತ ಲೆಕ್ಕ ಹಾಕುವವರಿಗೆ ಇದನ್ನು ಬಿಟ್ಟರೆ ದಾರಿ ಇಲ್ಲ. ಉಳಿದವರು ಸುಮ್ನೆ ಚಿಕ್ಕದು ಅನ್ನುವ ಕಾರಣಕ್ಕೆ ಹಿಡಿಯಬೇಡಿ. ಅದು ಕೇಳುವುದು "ಇವತ್ತು" ಹೇಗಿದ್ದೀರಿ ಅಂತ. ತಿಂಗಳ ಹೊಟ್ಟೆನೋವಿನವರನ್ನು ಮುಟ್ಟಿನ ಎರಡನೇ ದಿನ ಕೇಳಿದರೆ ಒಂದು ಉತ್ತರ, ಇಪ್ಪತ್ತನೇ ದಿನ ಕೇಳಿದರೆ ಇನ್ನೊಂದು. ಬಂದುಹೋಗುವ ನೋವಿಗೆ ನಾಲ್ಕು ವಾರದ ಲೆಕ್ಕ ಕೇಳುವ ಪ್ರಶ್ನಾವಳಿಯೇ ಸರಿ.

ನೋವನ್ನೇ ಕೇಳುವವು

0ರಿಂದ 10ರವರೆಗಿನ ಅಂಕಿ ಎಲ್ಲರಿಗೂ ಗೊತ್ತು. ಶಾಲೆ ಮುಖ ನೋಡದ ಹಿರಿಯರಿಗೆ ಅದು ಪರೀಕ್ಷೆಯ ಮಾರ್ಕ್ಸ್ ತರ ಕೇಳಿಸುತ್ತದೆ. ಹತ್ತು ಅಂದರೆ ಒಳ್ಳೆಯದು ಅಂದುಕೊಳ್ಳುವವರೂ ಇದ್ದಾರೆ. ಅವರ ಲೆಕ್ಕ ಬೇರೆ ಇದೆ: "ಹೋದ ಸಲಕ್ಕಿಂತ ರೂಪಾಯಿಗೆ ನಾಲ್ಕಾಣೆ ಕಮ್ಮಿ ಆಗೈತೆ." ಇಷ್ಟು ಸ್ಪಷ್ಟವಾಗಿ ಶೇಕಡಾವಾರು ಹೇಳುವವರನ್ನು ಅನಕ್ಷರಸ್ಥರು ಅಂತ ಬರೆದುಕೊಳ್ಳುತ್ತೇವೆ. ಕ್ಲಿನಿಕ್‌ನಲ್ಲಿ ಆಣೆ ಲೆಕ್ಕವನ್ನು ಹಾಗೇ ಚೀಟಿಯಲ್ಲಿ ಬರೆಯಿರಿ, ಮುಂದಿನ ಸಲ ಉಪಯೋಗಕ್ಕೆ ಬರುತ್ತದೆ. ಪ್ರಬಂಧದಲ್ಲಿ ಮಾತ್ರ ಅದನ್ನು 10ರ ಅಂಕಿಗೆ ಇಳಿಸಬೇಡಿ, ಅದಕ್ಕೆ ಆಧಾರ ಇಲ್ಲ.

ಬಿಪಿಐ ಅನ್ನುವ ಪ್ರಶ್ನಾವಳಿ ನೋವಿನ ತೀವ್ರತೆಯನ್ನು 4 ಪ್ರಶ್ನೆಗಳಲ್ಲೂ, ನೋವು ಬದುಕಿಗೆ ಅಡ್ಡ ಬಂದದ್ದನ್ನು 7 ಪ್ರಶ್ನೆಗಳಲ್ಲೂ ಕೇಳುತ್ತದೆ. ನಿದ್ದೆ, ನಡಿಗೆ, ಮನಸ್ಸು, ಜನರ ಜೊತೆ ಒಡನಾಟ ಎಲ್ಲ ಬರುತ್ತದೆ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯಿಂದ ಅನುಮತಿ ಬೇಕು. ಅದರಿಂದಲೇ ಸೋಸಿ 2009ರಲ್ಲಿ ಪೆಗ್ ಮಾಡಿದರು. ಹೆಸರು ಕೇಳಿ ನಗಬೇಡಿ. ಮೂರೇ ಪ್ರಶ್ನೆ: ಕಳೆದ ವಾರ ಸರಾಸರಿ ನೋವು ಎಷ್ಟು, ಬದುಕಿನ ಖುಷಿಗೆ ಎಷ್ಟು ಅಡ್ಡ ಬಂತು, ದಿನದ ಓಡಾಟಕ್ಕೆ ಎಷ್ಟು ಅಡ್ಡ ಬಂತು. ಮೂರರ ಸರಾಸರಿ ತೆಗೆದರೆ ಆಯಿತು. ಮೊದಲಿಗಿಂತ ಶೇ. 30ರಷ್ಟು ಇಳಿದರೆ ನಿಜವಾದ ಸುಧಾರಣೆ ಅಂತ ಹಿಡಿಯುತ್ತಾರೆ. ಹೊರಗೆ ಸಾಲು ನಿಂತಿರುವ ಒಪಿಡಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಒಂದೊಂದು ಕಾಯಿಲೆಗೆ ಒಂದೊಂದು

ಮಂಡಿ ಸವೆತಕ್ಕೆ ವೊಮ್ಯಾಕ್ ಹೆಸರುವಾಸಿ. 24 ಪ್ರಶ್ನೆ, ಪರವಾನಗಿ ಬೇಕು. ಕಾರು ಹತ್ತಿ ಇಳಿಯುವುದು, ಕಾಲುಚೀಲ ಹಾಕುವುದು, ಸ್ನಾನದ ತೊಟ್ಟಿಗೆ ಇಳಿಯುವುದು ಇವೆ. ಕುಕ್ಕರುಗಾಲಲ್ಲಿ ಕೂರುವುದು ಇಲ್ಲ, ಚಕ್ಕಳಮಕ್ಕಳ ಹಾಕುವುದು ಇಲ್ಲ. ಅದರ ವಿಸ್ತಾರವಾದ ರೂಪ ಕೂಸ್, 42 ಪ್ರಶ್ನೆ. ಕೂಸ್‌ನಲ್ಲಿ ಆಟೋಟ ಅಂತ ಒಂದು ಭಾಗ ಇದೆ. ಐವತ್ತು ದಾಟಿದ ಹೆಂಗಸರಿಗೆ ಆಟೋಟ ಯಾಕೆ ಅಂತ ವಿದ್ಯಾರ್ಥಿಗಳು ಆ ಪುಟವನ್ನೇ ಕಿತ್ತುಹಾಕುತ್ತಾರೆ. ಕುಕ್ಕರುಗಾಲಲ್ಲಿ ಕೂರುವ, ಮಂಡಿಯೂರುವ ಪ್ರಶ್ನೆಗಳು ಇರುವುದು ಅದೇ ಪುಟದಲ್ಲಿ! ಸಂಧಿವಾತದವರಿಗೆ ಬಳಸುವ ಎಚ್‌ಎಕ್ಯೂಗೆ ಭಾರತಕ್ಕೆ ಹೊಂದಿಸಿದ 12 ಪ್ರಶ್ನೆಗಳ ಆವೃತ್ತಿ ಇದೆ, ಅದನ್ನೇ ಹುಡುಕಿ.

ಮೈಯೆಲ್ಲ ನೋವಿರುವ ಫೈಬ್ರೊಮಯಾಲ್ಜಿಯಕ್ಕೆ ಎಫ್‌ಐಕ್ಯೂಆರ್ ಇದೆ. 2009ರದ್ದು, 21 ಪ್ರಶ್ನೆ, ಕಳೆದ ಏಳು ದಿನದ ಲೆಕ್ಕ. ತಲೆ ಬಾಚುವುದು, ಅಡುಗೆ ಮಾಡುವುದು, ನೆಲ ಗುಡಿಸುವುದು ಎಷ್ಟು ಕಷ್ಟ ಅಂತ ಕೇಳುತ್ತದೆ. ಎಷ್ಟು ಕಷ್ಟ ಅನ್ನುತ್ತದೆ, ಮಾಡಿದಿರಾ ಅನ್ನುವುದಿಲ್ಲ, ಹಾಗಾಗಿ ನಮ್ಮ ಪರೀಕ್ಷೆಯಲ್ಲಿ ಪಾಸು. ನೆನಪಿನ ತೊಂದರೆ, ಸದ್ದು ಬೆಳಕು ತಡೆಯದಿರುವುದು ಕೂಡ ಇದೆ.

ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ) ಆಕ್ಸ್‌ಫರ್ಡ್‌ನಲ್ಲಿ ರೂಪಿಸಿದ ಇಎಚ್‌ಪಿ-30 ಸಿಗುತ್ತದೆ. ಕಾಯಿಲೆ ಇರುವ ಹೆಂಗಸರ ಮಾತು ಕೇಳಿಯೇ ಪ್ರಶ್ನೆ ಬರೆದದ್ದು, ಓದಿದರೆ ಗೊತ್ತಾಗುತ್ತದೆ. ನಿಮ್ಮ ಪಾಡು ಬೇರೆಯವರಿಗೆ ಅರ್ಥ ಆಗಲ್ಲ ಅನ್ನಿಸಿತಾ, ಇವಳು ಸುಮ್ನೆ ನರಳ್ತಾಳೆ ಅಂತ ಅವರು ಅಂದುಕೊಂಡಿದ್ದಾರೆ ಅನ್ನಿಸಿತಾ ಅಂತೆಲ್ಲ ಕೇಳುತ್ತದೆ. "ತಿಂಗಳ ನೋವು ಎಲ್ಲರಿಗೂ ಇರುತ್ತೆ, ಮದುವೆ ಆದ್ರೆ ಹೋಗುತ್ತೆ" ಅಂತ ಕೇಳಿಸಿಕೊಂಡು ಬೆಳೆದ ಹುಡುಗಿಗೆ ಈ ಪ್ರಶ್ನೆ ಹಾಕಿ ನೋಡಿ. ಕೆಲಸ, ಮಕ್ಕಳಾಗದಿರುವುದು, ವೈದ್ಯರ ಜೊತೆಗಿನ ಅನುಭವ ಇವಕ್ಕೆ ಬೇರೆ ಬೇರೆ ತುಂಡುಗಳಿವೆ, ಬೇಕಾದ್ದು ಸೇರಿಸಿಕೊಳ್ಳಬಹುದು.

ಫ್ಲೋರೈಡ್ ಮಾತು ಇಲ್ಲಿ ಬಿಡುವ ಹಾಗಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುವುದು ಹೊಸದೇನಲ್ಲ. ವರ್ಷಾನುಗಟ್ಟಲೆ ಕುಡಿದವರಿಗೆ ಕೀಲು ನೋವು, ಬೆನ್ನು ಬಿಗಿತ ಬರುತ್ತದೆ. ಅಂಥ ಊರಲ್ಲಿ ಮಂಡಿ ಪ್ರಶ್ನಾವಳಿ ಮಾತ್ರ ಹಿಡಿದು ಹೋದರೆ ಕುತ್ತಿಗೆ, ಬೆನ್ನು ಬಿಟ್ಟುಹೋಗುತ್ತದೆ. ಕ್ವಾಲ್ ಬ್ರೆಫ್ ಮತ್ತು ಪೆಗ್ ಹಿಡಿಯಿರಿ, ಜೊತೆಗೆ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಅಂತ ಒಂದು ಸಾಲು ಸೇರಿಸಿ.

ಅವರೇ ಹೇಳುವ ಮೂರು ಕೆಲಸ

ಇಷ್ಟೆಲ್ಲ ಆದ ಮೇಲೆ ನನ್ನ ಒಲವು ಎಲ್ಲಿದೆ ಹೇಳುತ್ತೇನೆ. ಪಿಎಸ್‌ಎಫ್‌ಎಸ್ ಅಂತ ಒಂದಿದೆ, 1995ರಿಂದ ಫಿಸಿಯೋಥೆರಪಿಯವರು ಬಳಸುತ್ತಿದ್ದಾರೆ. ಅದರಲ್ಲಿ ಮೊದಲೇ ಅಚ್ಚಾದ ಕೆಲಸಗಳ ಪಟ್ಟಿ ಇಲ್ಲ. ನೋವಿನಿಂದ ಕಷ್ಟವಾಗಿರುವ ಮೂರರಿಂದ ಐದು ಕೆಲಸ ನೀವೇ ಹೇಳಿ ಅಂತ ಕೇಳುವುದು, ಒಂದೊಂದಕ್ಕೂ 0ರಿಂದ 10 ಹಾಕುವುದು. 0 ಅಂದರೆ ಆಗುವುದೇ ಇಲ್ಲ, 10 ಅಂದರೆ ನೋವು ಬರುವ ಮುಂಚಿನ ಹಾಗೆ ಆಗುತ್ತದೆ.

ಹೀಗೆ ಕೇಳಿದಾಗ ಮುದ್ದೆ ತೊಳಸುವುದು ಬರುತ್ತದೆ. ಆ ಕೆಲಸ ಒಮ್ಮೆ ನೋಡಿ. ಪಾತ್ರೆ ಕೆಳಗಿಳಿಸಿ, ಕೂತು, ಪಾದಗಳಲ್ಲಿ ಅದುಮಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವಬೇಕು. ಹಿಟ್ಟು ಗಟ್ಟಿಯಾದಷ್ಟೂ ಭುಜಕ್ಕೆ, ಮಣಿಕಟ್ಟಿಗೆ ಭಾರ. ಬಿಸಿ ಇರುವಾಗಲೇ ಮುಗಿಯಬೇಕು, ನಡುವೆ ನಿಲ್ಲಿಸಿದರೆ ಗಂಟು. ಮಂಡಿ, ಸೊಂಟ, ಭುಜ, ಬೆರಳು ಎಲ್ಲದರ ಪರೀಕ್ಷೆ ಒಂದೇ ಕೆಲಸದಲ್ಲಿ ಆಗುತ್ತದೆ. ಮೇಲೆ ಹೇಳಿದ ಯಾವ ಪ್ರಶ್ನಾವಳಿಯೂ ಇದನ್ನು ಕೇಳುವುದಿಲ್ಲ. ಹಾಲು ಕರೆಯುವುದು, ಬಿಂದಿಗೆ ಸೊಂಟಕ್ಕೇರಿಸುವುದು, ಶಿಡ್ಲಘಟ್ಟದ ಕಡೆಯವರಾದರೆ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವುದು, ಇವೂ ಹೀಗೇ ಬರುತ್ತವೆ.

ಇದರ ಮಿತಿಯೂ ಗೊತ್ತಿರಲಿ. ಒಬ್ಬರ ಅಂಕವನ್ನು ಇನ್ನೊಬ್ಬರ ಜೊತೆ ಹೋಲಿಸೋಕಾಗಲ್ಲ, ಹಾಗಾಗಿ ಸರ್ವೆಗೆ ಬರುವುದಿಲ್ಲ. ಒಬ್ಬರನ್ನೇ ಮತ್ತೆ ಮತ್ತೆ ನೋಡುವ ಕಡೆ ಇದರ ಜಾಗ. ಸರಾಸರಿ 2 ಅಂಕ ಏರಿದರೆ ಬದಲಾವಣೆ ನಿಜ ಅಂತ ಹಿಡಿಯಬಹುದು, ಒಂದೇ ಕೆಲಸದ ಮೇಲೆ ಹೇಳುವುದಾದರೆ 3 ಬೇಕು.

ಹಾಗಾದರೆ ಯಾವುದು? ಕ್ಲಿನಿಕ್‌ಗೆ ಪೆಗ್ ಮತ್ತು ಪಿಎಸ್‌ಎಫ್‌ಎಸ್ ಸಾಕು. ಹಳ್ಳಿ ಸರ್ವೆಗೆ ಕ್ವಾಲ್ ಬ್ರೆಫ್ ಮತ್ತು ಪೆಗ್. ಪ್ರಬಂಧಕ್ಕೆ ಕ್ವಾಲ್ ಬ್ರೆಫ್ ಜೊತೆ ಆ ಕಾಯಿಲೆಯದೇ ಒಂದು. ಎರಡಕ್ಕಿಂತ ಜಾಸ್ತಿ ಹಾಕಿದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಅವರ ಮನಸ್ಸು ಒಲೆಯ ಮೇಲಿರುತ್ತದೆ. ಕ್ವಾಲ್ ಬ್ರೆಫ್‌ನಲ್ಲಿ ಅಂಕ ಏರಿದರೆ ಒಳ್ಳೆಯದು, ಪೆಗ್‌ನಲ್ಲಿ ಏರಿದರೆ ಕೆಟ್ಟದ್ದು. ಟೇಬಲ್ ಹಾಕುವಾಗ ಇದನ್ನು ಮೇಲೆಯೇ ಬರೆದುಬಿಡಿ. ಮನಸ್ಸಿನ ಸ್ಥಿತಿಗೆ ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಪ್ರಶ್ನಾವಳಿ ಸೇರಿಸುವವರು ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು ಅನ್ನುವುದು ಮರೆಯಬಾರದು. ಹೌದು ಅಂದವರನ್ನು ಆ ದಿನವೇ ವೈದ್ಯರಿಗೆ ತೋರಿಸುವ ಏರ್ಪಾಡು ಇರಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಕೈಯಲ್ಲಿರಬೇಕು. ಅಷ್ಟು ಮಾಡಲು ಆಗದಿದ್ದರೆ ಆ ಪ್ರಶ್ನಾವಳಿ ಹಾಕಬೇಡಿ.

ಭಾಷೆಯ ವಿಷಯ ಕೊನೆಗೆ ಇಟ್ಟಿದ್ದೇನೆ, ಅದನ್ನು ಮಾತ್ರ ಮೊದಲು ಮಾಡಿ. ಕನ್ನಡ ಆವೃತ್ತಿ ಸಿಕ್ಕಿತು ಅಂತ ನಿರಾಳ ಆಗಬೇಡಿ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು, ಊರೂರಲ್ಲೂ ಉರ್ದು. ಕೇಳುವವರು ಅಲ್ಲೇ ನಿಂತು ಬಾಯಲ್ಲಿ ಅನುವಾದ ಮಾಡಿದರೆ ಮನೆಗೊಂದು ಪ್ರಶ್ನಾವಳಿ ಆಗುತ್ತದೆ. ಇದ್ದರೆ ಆ ಭಾಷೆಯ ಅಧಿಕೃತ ಆವೃತ್ತಿ ತರಿಸಿ. ಕೆಲಸ ಶುರು ಮಾಡುವ ಮುಂಚೆ ನಾಲ್ಕಾರು ಹೆಂಗಸರ ಜೊತೆ ಕೂತು, ಪ್ರತಿ ಪ್ರಶ್ನೆ ಓದಿ, "ನಾನು ಏನು ಕೇಳಿದೆ ಅಂತ ನಿಮ್ಮ ಮಾತಲ್ಲಿ ಹೇಳಿ ಅಕ್ಕಾ" ಅನ್ನಿ. "ಹಾಲು ಕರೆಯೋಕಾಗುತ್ತಾ?" ಅಂದಾಗ "ಕರೀತೀನಿ, ನಾನು ಕರೀದೆ ಇನ್ಯಾರು ಕರೀತಾರೆ" ಅನ್ನುವ ಉತ್ತರ ಬಂದರೆ 10 ಬರೆದುಕೊಂಡು ಮುಂದೆ ಹೋಗಬೇಡಿ. "ಮುಂಚಿನ ಹಾಗೆ ಕರೆಯೋಕಾಗುತ್ತಾ?" ಅಂತ ಇನ್ನೊಂದು ಸಲ ಕೇಳಿ, ಆಮೇಲೆ ಅಂಕ ಹಾಕಿ.